ಬದಲಾಗದ ಬುಖಾಂಕ

1941ರಲ್ಲಿ ಜರ್ಮನ್ ಸೇನೆ ಮಾಸ್ಕೋ ಕಡೆಗೆ ನುಗ್ಗಿದಾಗ ಅಲ್ಲಿನ ಜಿಸ್ ಟ್ರಕ್ ಕಾರ್ಖಾನೆಯ ಯಂತ್ರಗಳನ್ನು ರೈಲಿಗೆ ಹೇರಿ ಪೂರ್ವಕ್ಕೆ ಸಾಗಿಸಿದರು. ಒಂದು ಪಾಲು ವೋಲ್ಗಾ ದಂಡೆಯ ಉಲ್ಯಾನೊವ್ಸ್ಕ್‌ನಲ್ಲಿ ಇಳಿಯಿತು. ಉವಾಜ್ ಕಾರ್ಖಾನೆ ಹುಟ್ಟಿದ್ದು ಹೀಗೆ. 1950ರ ದಶಕದ ನಡುವೆ ಗೋರ್ಕಿ ನಗರದ ಗಾಜ್-69 ಜೀಪಿನ ತಯಾರಿಕೆಯೂ ಇಲ್ಲಿಗೆ ಬಂತು. ಹಿಮ, ಕೆಸರು, ಹೊಳೆ ಯಾವುದಕ್ಕೂ ಅಂಜದ ಗಟ್ಟಿ ಜೀಪು ಅದು. ಆದರೆ ಗಾಯಾಳುಗಳನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಮೇಲೊಂದು ಸೂರು ಕೊಟ್ಟು ಕರೆತರುವಷ್ಟು ಜಾಗ ಅದರಲ್ಲಿರಲಿಲ್ಲ.

ಹೊಸ ಚಾಸಿ ಕಟ್ಟುವ ಬದಲು ಎಂಜಿನಿಯರುಗಳು ಇದ್ದುದನ್ನೇ ಹಿಂಡಿ ಜಾಗ ತೆಗೆದರು. ಜೀಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇದ್ದ 2300 ಮಿಲಿಮೀಟರ್ ಅಂತರವನ್ನು ಹಾಗೆಯೇ ಉಳಿಸಿಕೊಂಡರು. ಬಾನೆಟ್ ತೆಗೆದುಹಾಕಿ, ಚಾಲಕನನ್ನು ಮುಂದಿನ ಚಕ್ರಗಳ ಮೇಲಕ್ಕೆ ತಂದು, ಎಂಜಿನ್ನನ್ನು ಅವನಿಗೂ ಪಕ್ಕದವನಿಗೂ ನಡುವೆ ಕೂರಿಸಿದರು. ಉಳಿದ ಉದ್ದವೆಲ್ಲ ಸರಕಿಗೆ, ಜನಕ್ಕೆ. ಅಮೆರಿಕದ ವಿಲ್ಲಿಸ್ ಕಂಪನಿಯೂ ಅದೇ ಕಾಲದಲ್ಲಿ ಜೀಪನ್ನು ಹೀಗೆಯೇ ಬದಲಿಸಿತ್ತು. ನಮ್ಮಲ್ಲಿ ಮಹೀಂದ್ರ ತಯಾರಿಸಿದ ಎಫ್‌ಸಿ ಗಾಡಿಗಳು ಅದರ ಸಂತತಿ.

1958ರಲ್ಲಿ ಉವಾಜ್-450 ಹೊರಬಂತು. ಮೂರೇ ಗೇರು, ಬಡಕಲು ಎಂಜಿನ್. ನಿಜವಾದ ರೂಪ ಸಿಕ್ಕಿದ್ದು 1965ರ ಉವಾಜ್-452ರಲ್ಲಿ. ವೋಲ್ಗಾ ಕಾರಿನಿಂದ ಬಂದ 2.4 ಲೀಟರ್ ಎಂಜಿನ್, ನಾಲ್ಕು ಗೇರು, ನಾಲ್ಕೂ ಚಕ್ರಗಳಿಗೆ ಶಕ್ತಿ, ಎರಡು ಪೆಟ್ರೋಲ್ ಟ್ಯಾಂಕು. ಗುಂಡಗಿನ ತಗಡಿನ ಮೈ ನೋಡಿ ಜನ ಇಟ್ಟ ಹೆಸರು ಬುಖಾಂಕ, ಅಂದರೆ ಇಡೀ ಬ್ರೆಡ್ಡು. ಆಂಬುಲೆನ್ಸ್, ಹತ್ತು ಜನರ ಮಿನಿಬಸ್, ಹಿಂದೆ ತೆರೆದ ತೊಟ್ಟಿಯ ಪುಟ್ಟ ಲಾರಿ ಎಲ್ಲವೂ ಅದೇ ಚಾಸಿಯ ಮೇಲೆ ಎದ್ದವು.

ಎಂಜಿನ್ ಕ್ಯಾಬಿನ್ನಿನೊಳಗೇ ಇರುವುದು ಈ ಗಾಡಿಯ ಇಡೀ ಗುಣಾವಗುಣದ ಮೂಲ. ಬೇಸಿಗೆಯಲ್ಲಿ ಚಾಲಕನ ಬಲಗಾಲು ಬೇಯುತ್ತದೆ. ಸದ್ದು ಕಿವಿಯ ಪಕ್ಕದಲ್ಲೇ. ಗೇರಿನ ಕೋಲು ಎಂಜಿನ್ನಿನ ಹಿಂದೆ ಏಳುವುದರಿಂದ ಮೊಣಕೈಯನ್ನು ಹಿಂದಕ್ಕೆಳೆದು ಗೇರು ಹಾಕಬೇಕು. ಆದರೆ ಸೈಬೀರಿಯಾದಲ್ಲಿ ಪಾದರಸ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿದ ದಿನ ಗಾಡಿ ಕೆಟ್ಟು ನಿಂತರೆ ಹೊರಗಿಳಿಯಬೇಕಿಲ್ಲ. ಬಾಗಿಲು ಮುಚ್ಚಿಕೊಂಡು, ಮೇಲಿನ ಮುಚ್ಚಳ ಎತ್ತಿ, ಕೂತಲ್ಲೇ ಬಹುಪಾಲು ರಿಪೇರಿ ಮಾಡಬಹುದು. ನೂರಾರು ಕಿಲೋಮೀಟರ್ ಊರಿಲ್ಲದ ದಾರಿಯಲ್ಲಿ ಇದು ಜೀವ ಉಳಿಸುವ ಸಂಗತಿ.

ರಷ್ಯಾದ ಹಳ್ಳಿಗಳಿಗೆ ಈ ಗಾಡಿ ಹೆಚ್ಚಾಗಿ ಪರಿಚಯವಾದದ್ದು ಆಂಬುಲೆನ್ಸಾಗಿ. ಡಾಕ್ಟರ್ ಇಲ್ಲದ ಕಡೆ ಚಿಕಿತ್ಸೆ ನೋಡಿಕೊಳ್ಳುವ, ಫೆಲ್ಡ್‌ಶರ್ ಎನಿಸಿಕೊಂಡ ಆರೋಗ್ಯ ಸಹಾಯಕರು ಅದರಲ್ಲಿ ಓಡಾಡಿದರು. ನಾಲ್ಕು ಸ್ಟ್ರೆಚರ್ ಹಿಡಿಯುವ ಆ ಮಾದರಿಗೆ ‘ತಬ್ಲೆತ್ಕ’, ಮಾತ್ರೆ, ಎಂಬ ಅಡ್ಡಹೆಸರು. ವಸಂತದಲ್ಲಿ ಹಿಮ ಕರಗಿ ಮಣ್ಣಿನ ದಾರಿಗಳು ಗದ್ದೆಯಂತಾಗುವ ವಾರಗಳಲ್ಲಿ ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಲು ಇಂಥ ಗಾಡಿಯೇ ಬೇಕಿತ್ತು. ಅದೇ ಗಾಡಿಯ ಲೀಫ್ ಸ್ಪ್ರಿಂಗುಗಳು ಅವಳ ನೋವಿಗೆ ಕರುಣೆ ತೋರುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಮಂಗೋಲಿಯಾ ಇದನ್ನು ತನ್ನದೇ ಎಂಬಂತೆ ಸಾಕಿಕೊಂಡಿತು. ಹುಲ್ಲುಗಾವಲಿನಲ್ಲಿ ಟೈರಿನ ಗುರುತೇ ರಸ್ತೆಯಾಗಿರುವ ಆ ನಾಡಿನಲ್ಲಿ ಕುರಿಗಾಹಿಗಳ ಸಂಸಾರವೂ ಪ್ರವಾಸಿಗಳೂ ಇದರಲ್ಲೇ ತಿರುಗುತ್ತಾರೆ. ಬೈಕಲ್ ಸರೋವರದ ಓಲ್ಖೋನ್ ದ್ವೀಪದಲ್ಲಿ ಉತ್ತರ ತುದಿಯ ಖೊಬೊಯ್ ಬಂಡೆಗೆ ಪ್ರವಾಸಿಗಳನ್ನು ಒಯ್ಯುವುದೂ ಇವೇ. ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಇದನ್ನು ಓಡಿಸಿದ್ದಾರೆ. ಗುಂಡು ತಡೆಯುವ ಶಕ್ತಿ ಆ ತೆಳು ತಗಡಿಗೆ ಇಲ್ಲವೇ ಇಲ್ಲ.

1985ರಲ್ಲಿ ಹೊಸ ಸಂಖ್ಯಾಕ್ರಮ ಬಂದು 452 ಹೋಗಿ ವ್ಯಾನು 3741 ಆಯಿತು, ಆಂಬುಲೆನ್ಸ್ 3962 ಆಯಿತು. ಗಾಡಿ ಮಾತ್ರ ಅದೇ. ಇಷ್ಟು ದೀರ್ಘ ಬಾಳಿಕೆಯನ್ನು ಬರೀ ಹೊಗಳುವುದು ನನಗೆ ಸರಿಯೆನಿಸುವುದಿಲ್ಲ. ಮೂಲ ವಿನ್ಯಾಸ ಒಳ್ಳೆಯದಿತ್ತು, ನಿಜ. ಆದರೆ ಸೋವಿಯತ್ ವ್ಯವಸ್ಥೆಯಲ್ಲಿ ಎದುರಾಳಿ ಇರಲಿಲ್ಲ. ಸೇನೆ ಮತ್ತು ಸರ್ಕಾರಿ ಇಲಾಖೆಗಳು ಖರೀದಿಸುತ್ತಲೇ ಇದ್ದವು. ಸುಧಾರಿಸಲೇಬೇಕೆಂಬ ಒತ್ತಡ ಹುಟ್ಟಲಿಲ್ಲ.

ಕಾರ್ಖಾನೆ ಒಮ್ಮೆ ಪ್ರಯತ್ನಿಸಿತು. 2000ದ ಆಸುಪಾಸಿನಲ್ಲಿ ‘ಸಿಂಬಾ’ ಎಂಬ ಉತ್ತರಾಧಿಕಾರಿಯನ್ನು ರೂಪಿಸಿದರು. ಅದು ಮಾದರಿ ಗಾಡಿಗಳ ಹಂತ ದಾಟಿ ದೊಡ್ಡ ಪ್ರಮಾಣದ ಉತ್ಪಾದನೆಗೆ ಇಳಿಯಲೇ ಇಲ್ಲ. ಹಳೆಯದಕ್ಕೇ ತೇಪೆ ಹಾಕುತ್ತ ಬಂದರು: ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್, 112 ಅಶ್ವಶಕ್ತಿಯ 2.7 ಲೀಟರ್ ಎಂಜಿನ್, ಪವರ್ ಸ್ಟೀರಿಂಗ್, ಎಬಿಎಸ್ ಬ್ರೇಕು. ಇವೆಲ್ಲ ಒಳ್ಳೆಯವೇ. ಆದರೆ ಚಾಲಕನ ಮೊಣಕಾಲಿಗೂ ಎದುರಿನಿಂದ ಬರುವ ಲಾರಿಗೂ ನಡುವೆ ಇಂದಿಗೂ ಇರುವುದು ಅದೇ ತಗಡು, ಅದಕ್ಕೆ ಯಾವ ತೇಪೆಯೂ ಸಾಲದು. ಸಿಂಬಾದಂಥ ಗಾಡಿ ರಸ್ತೆಗಿಳಿಯಬೇಕಿತ್ತು.