ಬಿಸಿಲೂ ನೆರಳೂ ಒಂದೇ ಪೆಟ್ಟಿಗೆಯಲ್ಲಿ

ಬ್ರಿಟನ್ನಿನ ಮನೆಗಳಲ್ಲಿ ಜನವರಿಯ ರಾತ್ರಿ ಕೋಣೆಯ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಸಾಮಾನ್ಯ. ಅಂಥದೇ ಒಂದು ಕೋಣೆಯ ಮೂಲೆಯಲ್ಲಿ, ನಾಲ್ಕಡಿ ಉದ್ದದ ಮರದ ಪೆಟ್ಟಿಗೆಯೊಳಗೆ, ಪಶ್ಚಿಮ ಆಫ್ರಿಕಾದ ಪುಟ್ಟ ಹೆಬ್ಬಾವೊಂದು ನೆಮ್ಮದಿಯಾಗಿ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಬ್ರಿಟನ್ನಿನವರು ಇದನ್ನು ರಾಯಲ್ ಪೈಥಾನ್ ಎನ್ನುತ್ತಾರೆ, ಅಮೆರಿಕದವರು ಬಾಲ್ ಪೈಥಾನ್ ಎನ್ನುತ್ತಾರೆ. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು ಇದರ ತವರು. ಅಲ್ಲಿ ಇದು ಹಗಲೆಲ್ಲ ಇಲಿಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಅಡಗಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಸಾಧು ಸ್ವಭಾವ, ಮೂರರಿಂದ ಐದಡಿ ಉದ್ದ. ಹಾಗಾಗಿ ಜಗತ್ತಿನಲ್ಲಿ ಅತಿ ಹೆಚ್ಚು ಸಾಕುವ ಹಾವುಗಳಲ್ಲಿ ಇದೂ ಒಂದು.

ಆ ಪೆಟ್ಟಿಗೆಯನ್ನು ಸರಿಯಾಗಿ ಬೆಚ್ಚಗಿಡುವುದೇ ಒಂದು ಕಸುಬು. ಹೊರಗಿನಿಂದ ನೋಡಿದವರಿಗೆ ಕಾಣುವುದು ಒಂದು ಬಲ್ಬು, ಒಂದು ತಂತಿ, ತಿರುಗಿಸುವ ಒಂದು ಗುಂಡಿ ಅಷ್ಟೇ. ಅವುಗಳ ಹಿಂದಿನ ಲೆಕ್ಕಾಚಾರ ಗೊತ್ತಾದಷ್ಟೂ ಅದನ್ನು ಮಾಡುವವರ ಮೇಲೆ ಗೌರವ ಹೆಚ್ಚುತ್ತದೆ.

ನಾವು ತಿಂದ ಅನ್ನದ ದೊಡ್ಡ ಪಾಲು ನಮ್ಮ ಮೈಯನ್ನು 37 ಡಿಗ್ರಿಯಲ್ಲಿ ಇಡುವುದಕ್ಕೇ ಖರ್ಚಾಗುತ್ತದೆ. ಹಾವಿಗೆ ಆ ಖರ್ಚಿಲ್ಲ. ಅದು ಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಇಲಿ ತಿಂದು ಬದುಕಲು ಅದಕ್ಕೆ ಸಾಧ್ಯವಾಗಿರುವುದು ಇದರಿಂದಲೇ. ಆದರೆ ಈ ಉಳಿತಾಯಕ್ಕೆ ತೆರಬೇಕಾದ ಬೆಲೆಯೂ ಇದೆ. ಮೈ ತಣ್ಣಗಾದರೆ ಜೀರ್ಣರಸಗಳು ಕೆಲಸ ಮಾಡುವುದಿಲ್ಲ. ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯತೊಡಗಿ, ಹಾವು ಅದನ್ನು ಕಕ್ಕಿಬಿಡುತ್ತದೆ. ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಸಾಕುಹಾವು ಕಾಯಿಲೆ ಬಿದ್ದಾಗ ಅನುಭವಿ ಪಶುವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು: ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇದೆ?

ಹಾಗೆಂದು ಪೆಟ್ಟಿಗೆಯನ್ನೆಲ್ಲ ಒಂದೇ ಸಮ 30 ಡಿಗ್ರಿಗೆ ಕಾಯಿಸಿಟ್ಟರೆ ಕೆಲಸ ಮುಗಿಯಿತೇ? ಇಲ್ಲ. ಈ ಕಸುಬಿನ ತಿರುಳು ಇರುವುದು ಇಲ್ಲಿಯೇ. ಕಾಡಿನ ಹಾವು ದಿನವಿಡೀ ಒಂದೇ ಉಷ್ಣತೆಯಲ್ಲಿ ಇರುವುದಿಲ್ಲ. ಹೊಟ್ಟೆ ತುಂಬಿದಾಗ ಬಿಸಿಯ ಕಡೆ ಹೋಗುತ್ತದೆ, ಸಾಕೆನಿಸಿದಾಗ ತಂಪಿಗೆ ಸರಿಯುತ್ತದೆ. ಆ ಓಡಾಟವೇ ಅದರ ಆರೋಗ್ಯ. ಆದ್ದರಿಂದ ಒಳ್ಳೆಯ ಸಾಕಣೆಗಾರ ಹಾವಿಗೆ ಒಂದು ಉಷ್ಣತೆಯನ್ನು ಕೊಡುವುದಿಲ್ಲ. ಒಂದು ತುದಿಯಲ್ಲಿ ಬಿಸಿಲು, ಇನ್ನೊಂದು ತುದಿಯಲ್ಲಿ ನೆರಳು, ನಡುವೆ ಮೆಲ್ಲಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಟ್ಟು, ಯಾವುದು ಬೇಕೋ ಆರಿಸಿಕೋ ಎಂದು ಅದಕ್ಕೇ ಬಿಡುತ್ತಾನೆ.

ಹಾವು ಎಷ್ಟು ಜಾಣತನದಿಂದ ಆರಿಸಿಕೊಳ್ಳುತ್ತದೆ ಎಂಬುದಕ್ಕೆ 1989ರಲ್ಲಿ ಪ್ರಕಟವಾದ ಒಂದು ಸೊಗಸಾದ ಅಧ್ಯಯನವಿದೆ. ರೇಮಂಡ್ ಹ್ಯೂಯಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಈಗಲ್ ಸರೋವರದ ಬಳಿ ಗಾರ್ಟರ್ ಹಾವುಗಳು ಯಾವ ಕಲ್ಲಿನ ಅಡಿ ತಂಗುತ್ತವೆ ಎಂದು ಗಮನಿಸಿದರು. ತೆಳು ಕಲ್ಲಿನಡಿ ಮಧ್ಯಾಹ್ನ ಪ್ರಾಣ ಹೋಗುವಷ್ಟು ಬಿಸಿ, ರಾತ್ರಿ ಕೊರೆಯುವ ಚಳಿ. ತೀರಾ ದಪ್ಪ ಬಂಡೆಯಡಿ ಯಾವಾಗಲೂ ತಂಪು. ಹಾವುಗಳು ಆರಿಸಿಕೊಂಡದ್ದು 20ರಿಂದ 40 ಸೆಂಟಿಮೀಟರ್ ದಪ್ಪದ ನಡುವಣ ಕಲ್ಲುಗಳನ್ನು. ಅವುಗಳ ಅಡಿಯಲ್ಲಿ ಸ್ವಲ್ಪ ಅತ್ತಿತ್ತ ಸರಿದರೆ ಸಾಕು, ಹೆಚ್ಚು ಹೊತ್ತು ತಮಗೆ ಹಿತವಾದ ಉಷ್ಣತೆಯಲ್ಲೇ ಇರಬಹುದು. ಅಳತೆಪಟ್ಟಿ ಇಲ್ಲದ ಹಾವು ಕಲ್ಲಿನ ದಪ್ಪ ಅರಿತಿತ್ತು.

ಕಾಯಿಲೆ ಬಿದ್ದಾಗಲೂ ಈ ಆಯ್ಕೆಯೇ ಮದ್ದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮರುಭೂಮಿಯ ಇಗುವಾನಾ ಹಲ್ಲಿಗಳ ಮೇಲೆ ಪ್ರಯೋಗ ಮಾಡಿದರು. ಸೋಂಕು ತಗಲಿದ ಹಲ್ಲಿಗಳು ತಾವಾಗಿಯೇ ಹೆಚ್ಚು ಬಿಸಿಯ ಜಾಗಕ್ಕೆ ಹೋಗಿ ಮೈ ಕಾಯಿಸಿಕೊಂಡವು, ಅಂದರೆ ಜ್ವರ ಬರಿಸಿಕೊಂಡವು. ಹೆಚ್ಚು ಬಿಸಿಯಲ್ಲಿದ್ದವು ಹೆಚ್ಚು ಸಂಖ್ಯೆಯಲ್ಲಿ ಬದುಕಿ ಉಳಿದವು. ಎಲ್ಲೆಡೆ ಒಂದೇ ಉಷ್ಣತೆ ಇರುವ ಪೆಟ್ಟಿಗೆಯಲ್ಲಿ ಸರೀಸೃಪಕ್ಕೆ ಈ ದಾರಿಯೇ ಮುಚ್ಚಿಹೋಗುತ್ತದೆ.

ಆಯ್ಕೆಯನ್ನು ಪ್ರಾಣಿಗೇ ಬಿಡುವ ವಿಚಾರವನ್ನು ಕಟ್ಟಡವಾಗಿ ನಿಲ್ಲಿಸಿದವರು ಜೋನ್ ಪ್ರಾಕ್ಟರ್. ಲಂಡನ್ ಮೃಗಾಲಯದಲ್ಲಿ 1849ರಿಂದಲೇ ಸರೀಸೃಪಗಳ ಮನೆ ಇತ್ತು. ಅದರ ಮೇಲ್ವಿಚಾರಕಿಯಾದ ಪ್ರಾಕ್ಟರ್ ಹೊಸ ಕಟ್ಟಡವೊಂದನ್ನು ತಾವೇ ವಿನ್ಯಾಸಗೊಳಿಸಿ 1927ರಲ್ಲಿ ತೆರೆಸಿದರು. ಅಲ್ಲಿ ವಿದ್ಯುತ್ ಹೀಟರುಗಳು ಒಂದೇ ಗೂಡಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಮಟ್ಟಕ್ಕೆ ಕಾಯಿಸುತ್ತಿದ್ದವು. ಪ್ರಾಣಿ ತನಗೆ ಒಗ್ಗುವ ಜಾಗ ನೋಡಿಕೊಳ್ಳುತ್ತಿತ್ತು. ಬಿಸಿಲಿನ ಅತಿನೇರಳೆ ಕಿರಣ ಒಳಬರುವಂಥ ವಿಶೇಷ ಗಾಜನ್ನೂ ಹಾಕಿಸಿದ್ದರು. ಜೀವನವಿಡೀ ಅನಾರೋಗ್ಯದಿಂದ ನರಳಿದ ಆಕೆ 1931ರಲ್ಲಿ, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಹಾವು ಸಾಕುವ ಪ್ರತಿ ಒಳ್ಳೆಯ ಪೆಟ್ಟಿಗೆಯಲ್ಲೂ ಆಕೆಯ ಆಲೋಚನೆ ಜೀವಂತವಾಗಿದೆ.

ಈಗ ಪೆಟ್ಟಿಗೆಯೊಳಗೆ ಇಣುಕೋಣ. ಬಾಲ್ ಪೈಥಾನ್‌ಗೆ ಬಿಸಿ ತುದಿಯಲ್ಲಿ ಮೈಕಾಯಿಸುವ ಜಾಗದ ಮೇಲ್ಮೈ ಸುಮಾರು 32ರಿಂದ 34 ಡಿಗ್ರಿ ಇರಬೇಕು, ತಂಪು ತುದಿ 25ರ ಆಸುಪಾಸು. ರಾತ್ರಿ 23-24ಕ್ಕಿಂತ ಕೆಳಗಿಳಿಯಬಾರದು. ಉತ್ತರ ಅಮೆರಿಕದ ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಯಾದರೂ ಹಿತ. ಪ್ರತಿ ಹಾವಿನ ಲೆಕ್ಕವೂ ಅದರ ತವರಿನ ಹವೆಯಿಂದಲೇ ಹುಟ್ಟುತ್ತದೆ.

ಬಿಸಿ ಎಲ್ಲಿಂದ ಬರಬೇಕು? ಸೂರ್ಯನಂತೆ ಮೇಲಿನಿಂದ ಬಂದರೆ ಒಳ್ಳೆಯದು ಎಂಬುದು ಇಂದಿನ ಅನುಭವಿಗಳ ಮಾತು. ಹ್ಯಾಲೋಜನ್ ಬಲ್ಬಿನ ಅವಗೆಂಪು ಕಿರಣಗಳು ಚರ್ಮವನ್ನು ದಾಟಿ ಸ್ನಾಯುವಿನವರೆಗೆ ಇಳಿಯುತ್ತವೆ. ಬೆಳಕಿಲ್ಲದ ಸೆರಾಮಿಕ್ ಹೀಟರ್ ಮೇಲ್ಚರ್ಮವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಹಗಲಿಗೆ ಹ್ಯಾಲೋಜನ್, ರಾತ್ರಿಗೆ ಸೆರಾಮಿಕ್ ಎಂದು ಹಲವರು ಹಂಚಿಕೊಡುತ್ತಾರೆ. ಕೆಳಗಿನಿಂದ ಕಾಯಿಸುವ ಹೀಟ್ ಮ್ಯಾಟ್ ಹೊಟ್ಟೆಯನ್ನು ಬೆಚ್ಚಗಿಟ್ಟರೂ ಗಾಳಿಯನ್ನು ಅಷ್ಟಾಗಿ ಕಾಯಿಸದು. ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳನ್ನಂತೂ ತಿಳಿದವರು ಹತ್ತಿರ ಸೇರಿಸುವುದಿಲ್ಲ. ಸುಡುವಷ್ಟು ಬಿಸಿಯಾದ ಮೇಲ್ಮೈಯ ಮೇಲೂ ಹಾವು ಮೇಲೇಳದೆ ಮಲಗಿರುತ್ತದೆ, ಹೊಟ್ಟೆಯ ಹುರುಪೆಗಳು ಬೆಂದು ಹೋಗುತ್ತವೆ. ಬಾಲ್ ಪೈಥಾನ್‌ನ ತುಟಿಯಂಚಿನ ಕುಳಿಗಳು ಕತ್ತಲಲ್ಲಿ ಇಲಿಯ ಮೈಬಿಸಿಯನ್ನು ದೂರದಿಂದಲೇ ಗುರುತಿಸುತ್ತವೆ. ಅಷ್ಟು ಸೂಕ್ಷ್ಮ ಇಂದ್ರಿಯವಿರುವ ಹಾವೇ ಸುಡುವ ಕಲ್ಲಿನ ಮೇಲೆ ಸುಮ್ಮನಿರುತ್ತದೆ ಎಂಬುದು ಅಚ್ಚರಿಯ ಸಂಗತಿ. ಹಾಗಾಗಿಯೇ ಕಾಯುವ ಜವಾಬ್ದಾರಿ ಪೂರ್ತಿಯಾಗಿ ಮನುಷ್ಯನ ಮೇಲೆ ಬೀಳುತ್ತದೆ. ಬಲ್ಬಿಗೆ ಹಾವು ಸುತ್ತಿಕೊಳ್ಳದಂತೆ ತಂತಿಯ ಪಂಜರವನ್ನೂ ತೊಡಿಸಲೇಬೇಕು.

ಈ ಕಸುಬಿನ ಹೃದಯ ಥರ್ಮೋಸ್ಟಾಟ್. ಇದರಲ್ಲಿ ಮೂರು ಬಗೆ. ಮೊದಲನೆಯದು ಗುರಿ ಮುಟ್ಟಿದಾಗ ಆರಿಸಿ, ಇಳಿದಾಗ ಹೊತ್ತಿಸುವಂಥದ್ದು. ಹೀಟ್ ಮ್ಯಾಟಿಗೆ ಇದು ಸಾಕು. ಇದನ್ನೇ ಬಲ್ಬಿಗೆ ಹಾಕಿದರೆ ದಿನವಿಡೀ ದೀಪ ಹತ್ತಿ ಆರಿ ಹತ್ತಿ ಆರಿ ಹಾವಿಗೂ ನೆಮ್ಮದಿಯಿಲ್ಲ, ಬಲ್ಬಿಗೂ ಆಯುಸ್ಸಿಲ್ಲ. ಎರಡನೆಯದು ವಿದ್ಯುತ್ತನ್ನು ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಕಳಿಸುವಂಥದ್ದು, ಸೆರಾಮಿಕ್ ಹೀಟರಿಗೆ ಹೇಳಿ ಮಾಡಿಸಿದ್ದು. ಮೂರನೆಯದು ಡಿಮ್ಮಿಂಗ್ ಥರ್ಮೋಸ್ಟಾಟ್. ಬೆಳಿಗ್ಗೆ ಪೆಟ್ಟಿಗೆ ತಣ್ಣಗಿರುವಾಗ ಬಲ್ಬು ಪೂರ್ತಿ ಪ್ರಕಾಶದಿಂದ ಉರಿಯುತ್ತದೆ. ಕೆಳಗಿನ ಕಲ್ಲು ಗುರಿಯನ್ನು ಸಮೀಪಿಸುತ್ತಿದ್ದಂತೆ ಬೆಳಕು ಕಣ್ಣಿಗೆ ಗೊತ್ತಾಗದ ಹಾಗೆ ಕುಗ್ಗುತ್ತಾ ಬರುತ್ತದೆ. ಕೊನೆಗೆ ಕಳೆದುಹೋಗುವ ಬಿಸಿಗೆ ಸರಿಸಮನಾದ ಬಿಸಿ ಕೊಡುವಷ್ಟರಲ್ಲಿ ನಿಂತುಬಿಡುತ್ತದೆ. ಯಾರಾದರೂ ಕಿಟಕಿ ತೆರೆದು ಚಳಿ ಬಿಟ್ಟರೆ ಮತ್ತೆ ತುಸು ಏರುತ್ತದೆ. ಹತ್ತಿರ ಕೂತು ನೋಡಬೇಕು ಅದರ ಹದವನ್ನು.

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದು ನಂಬುವುದು ತಂತಿಯ ತುದಿಯಲ್ಲಿರುವ ಪುಟ್ಟ ಸಂವೇದಕವನ್ನು. ಹಾವು ನುಸುಳುವಾಗ ಅದನ್ನು ಪಕ್ಕಕ್ಕೆ ತಳ್ಳಿದರೆ, ಅಥವಾ ಅದರ ಮೇಲೆ ನೀರು ಚೆಲ್ಲಿದರೆ, ಪೆಟ್ಟಿಗೆ ತಣ್ಣಗಾಗಿದೆ ಎಂದೇ ಥರ್ಮೋಸ್ಟಾಟ್ ತಿಳಿಯುತ್ತದೆ. ಬಲ್ಬು ಪೂರ್ತಿ ಉರಿಯತೊಡಗುತ್ತದೆ. ಪಳಗಿದವರು ಇದಕ್ಕೆ ಎರಡು ಉಪಾಯ ಮಾಡಿರುತ್ತಾರೆ. ಸಂವೇದಕವನ್ನು ಹಾವಿನ ಬಲಕ್ಕೂ ಅಲುಗದಂತೆ ಬಿಗಿಯುತ್ತಾರೆ. ಜೊತೆಗೆ, ಥರ್ಮೋಸ್ಟಾಟ್ ಕೆಟ್ಟು ಬಲ್ಬು ಎಡೆಬಿಡದೆ ಉರಿದರೂ ಪೆಟ್ಟಿಗೆ ಕುಲುಮೆಯಾಗದಷ್ಟು ಕಡಿಮೆ ವ್ಯಾಟಿನ ಬಲ್ಬನ್ನೇ ಆರಿಸಿರುತ್ತಾರೆ. ಕೆಡುವ ಗಳಿಗೆಯನ್ನು ಮುಂಚೆಯೇ ಊಹಿಸಿ ಅದಕ್ಕೆ ತಕ್ಕ ವ್ಯವಸ್ಥೆ ಮಾಡುವ ಈ ಮುಂದಾಲೋಚನೆ ನನಗೆ ಬಹಳ ಮೆಚ್ಚುಗೆ.

ಅಳೆಯುವುದಕ್ಕೂ ಎರಡು ಸಾಧನ ಬೇಕು. ಮೇಲ್ಮೈಗೆ ಗುರಿಯಿಟ್ಟು ಒತ್ತುವ ಅವಗೆಂಪು ಗನ್ ಒಂದು, ಗಾಳಿಯನ್ನು ಅಳೆಯುವ ಡಿಜಿಟಲ್ ಥರ್ಮಾಮೀಟರ್ ಇನ್ನೊಂದು. ಗೋಡೆಗೆ ಅಂಟಿಸುವ ಮುಳ್ಳಿನ ಮಾಪಕ ಹೇಳುವುದು ಆ ಗೋಡೆಯ ಬಿಸಿಯನ್ನೇ ಹೊರತು ಹಾವು ಮಲಗಿದ ಕಲ್ಲಿನ ಬಿಸಿಯನ್ನಲ್ಲ. ಬಲ್ಬು ಹೊತ್ತಿಸಿ ಕೆಲವು ಗಂಟೆ ಕಾದು ಗನ್ ಒತ್ತಿದಾಗ ಕಲ್ಲಿನ ಮೇಲೆ 36 ತೋರಿಸಿತೆನ್ನಿ. ಬಲ್ಬನ್ನು ತುಸು ಮೇಲೆತ್ತಿ ಮತ್ತೆ ಕಾಯುತ್ತಾರೆ. 33 ಬಂತು. ಪೆಟ್ಟಿಗೆಯ ನಡುಭಾಗ 28, ದೂರದ ತುದಿ 25. ಈಗ ಮೆಟ್ಟಿಲು ಸರಿಯಾಯಿತು. ಇದನ್ನೇ ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ ಬರೆದಿಟ್ಟುಕೊಳ್ಳುತ್ತಾರೆ. ಋತು ಬದಲಾದಾಗ ಮತ್ತೆ ಮೊದಲಿನಿಂದ ಅಳೆಯುತ್ತಾರೆ.

ಇಷ್ಟೆಲ್ಲ ಆದ ಮೇಲೂ ಹಾವು ಬಿಸಿಯ ಕಡೆಗೆ ಬರದೇ ಇರಬಹುದು. ಕಾರಣ ಭಯ. ಬಾಲ್ ಪೈಥಾನ್ ಮೈಗೆ ತಾಗುವಷ್ಟು ಇಕ್ಕಟ್ಟಾದ, ಕತ್ತಲೆಯ ಗೂಡನ್ನು ಬಯಸುತ್ತದೆ. ಅಡಗುದಾಣ ತಂಪು ತುದಿಯಲ್ಲಿ ಮಾತ್ರ ಇದ್ದರೆ ಬಿಸಿಯನ್ನು ಬಿಟ್ಟು ಅಲ್ಲೇ ಕೂತುಬಿಡುತ್ತದೆ. ಬಿಸಿ ತುದಿಯಲ್ಲಿ ಮಾತ್ರ ಇದ್ದರೆ ಬೆಂದರೂ ಹೊರಬರುವುದಿಲ್ಲ. ಆದ್ದರಿಂದ ಎರಡೂ ತುದಿಗಳಲ್ಲಿ ಒಂದೇ ಬಗೆಯ ಎರಡು ಗೂಡುಗಳನ್ನು ಇಡುತ್ತಾರೆ. ಬಿಸಿಗೂ ರಕ್ಷಣೆಗೂ ನಡುವೆ ಆರಿಸಿಕೊಳ್ಳಬೇಕಾದ ಇಕ್ಕಟ್ಟು ಆಗ ಹಾವಿಗೆ ಇರುವುದಿಲ್ಲ.

ಬಿಸಿಯ ಬೆನ್ನಿಗೇ ತೇವದ ಪ್ರಶ್ನೆ ಬರುತ್ತದೆ. ಬಲ್ಬು ಗಾಳಿಯನ್ನು ಒಣಗಿಸುತ್ತದೆ. ಒಣಹವೆಯಲ್ಲಿ ಪೊರೆ ಚೂರುಚೂರಾಗಿ ಸುಲಿಯುತ್ತದೆ, ಕಣ್ಣಿನ ಮೇಲಿನ ಪೊರೆ ಅಂಟಿಕೊಂಡೇ ಉಳಿಯುತ್ತದೆ. ಗಾಳಿಯ ತೇವಾಂಶ ಶೇ. 60ಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡು, ಪೊರೆ ಬಿಡುವ ಕಾಲಕ್ಕೆ ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನು ಇಟ್ಟರೆ ಮೂತಿಯಿಂದ ಬಾಲದವರೆಗೆ ಪೊರೆ ಇಡಿಯಾಗಿ ಬಿಡುತ್ತದೆ. ಇಡಿಯಾಗಿ ಬಿಟ್ಟ ಪೊರೆ ಸಾಕಣೆಗಾರನಿಗೆ ಸಿಗುವ ಅತ್ಯುತ್ತಮ ಪ್ರಮಾಣಪತ್ರ.

ಕೊನೆಯ ಮಾತು ಹಾವಿನದೇ. ಅದು ಸದಾ ಬಿಸಿ ತುದಿಗೆ ಅಂಟಿಕೊಂಡಿದ್ದರೆ ಪೆಟ್ಟಿಗೆಯಲ್ಲಿ ಬಿಸಿ ಸಾಲದೆಂದು ಸಂಶಯಪಡಬೇಕು. ಸದಾ ತಂಪಿನಲ್ಲಿ, ನೀರಿನ ಬಟ್ಟಲಿನೊಳಗೇ ಇದ್ದರೆ ಬಿಸಿ ಮಿತಿಮೀರಿರಬಹುದು. ಉಂಡ ಮೇಲೆ ಅತ್ತ, ಆಮೇಲೆ ಇತ್ತ ಎಂದು ಓಡಾಡುತ್ತಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬರುತ್ತಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಹಾವು ಬಿಸಿಯನ್ನು ಹೊರಗಿನಿಂದಲೇ ಪಡೆಯುತ್ತದೆ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. ನಮ್ಮ ಕಾಡಿನ ಹೆಬ್ಬಾವಿನ ಹತ್ತಿರದ ಬಂಧುವಾದ ಬರ್ಮೀಸ್ ಹೆಬ್ಬಾವಿನ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಸ್ನಾಯುಗಳನ್ನು ನಡುಗಿಸಿ ನಡುಗಿಸಿ ತಾನೇ ಬಿಸಿ ಹುಟ್ಟಿಸುತ್ತದೆ. ಪ್ಯಾರಿಸ್ಸಿನಲ್ಲಿ ವಾಲಾಂಸಿಯೆನ್ ಎಂಬ ವಿಜ್ಞಾನಿ 1841ರಲ್ಲೇ ಇದನ್ನು ಅಳೆದು ದಾಖಲಿಸಿದ್ದರು. ನ್ಯೂಯಾರ್ಕಿನ ಮೃಗಾಲಯದಲ್ಲಿ ಹಚಿಸನ್, ಡೌಲಿಂಗ್ ಮತ್ತು ವಿನೆಗಾರ್ ಮಾಡಿದ ಕರಾರುವಾಕ್ಕಾದ ಅಳತೆಗಳು 1966ರಲ್ಲಿ ಪ್ರಕಟವಾದವು. ಗಾಳಿ ತಣ್ಣಗಾದಷ್ಟೂ ತಾಯಿಯ ನಡುಕ ಹೆಚ್ಚುತ್ತದೆ. ಯಾವ ಡಿಮ್ಮಿಂಗ್ ಥರ್ಮೋಸ್ಟಾಟಿಗೂ ಎಷ್ಟೋ ಮೊದಲೇ ಪ್ರಕೃತಿ ಇದನ್ನು ಕಂಡುಕೊಂಡಿತ್ತು.

ಇದನ್ನೋದಿ ಹಾವು ಸಾಕುವ ಆಸೆ ಮೂಡಿದರೆ ಮೊದಲು ಕಾನೂನು ತಿಳಿದುಕೊಳ್ಳಿ. ನಾಗರಹಾವು, ಕೇರೆ, ಹೆಬ್ಬಾವುಗಳಂಥ ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಪ್ರಾಣಿಗಳೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದ್ದು, ಭಾರತದಲ್ಲಿ ಅವನ್ನು ಇಟ್ಟುಕೊಳ್ಳುವವರು ಸರ್ಕಾರದಲ್ಲಿ ನೋಂದಾಯಿಸಬೇಕು. ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಹಾವು ಬೇಕೆಂದು ಹಟ ಹಿಡಿದರೆ ಅಲ್ಲಿನ ನಿಯಮ ನೋಡಿ. ಆಮೇಲೂ ಹಾವನ್ನು ತಕ್ಷಣ ತರಬೇಡಿ. ಮೊದಲು ಪೆಟ್ಟಿಗೆ ತನ್ನಿ, ಬಲ್ಬು, ಥರ್ಮೋಸ್ಟಾಟ್, ಥರ್ಮಾಮೀಟರ್ ಜೋಡಿಸಿ, ಎರಡು ವಾರ ಅದನ್ನು ಖಾಲಿಯಾಗಿಯೇ ನಡೆಸಿ. ಹಗಲು ರಾತ್ರಿ ಮಕ್ಕಳ ಕೈಯಲ್ಲೇ ಅಳತೆ ಬರೆಸಿ. ಅಂಕಿಗಳು ಸ್ಥಿರವಾಗಿ ನಿಂತರೆ, ಬರೆಯುವ ಉತ್ಸಾಹವೂ ಅಷ್ಟೇ ಸ್ಥಿರವಾಗಿ ನಿಂತರೆ, ಆ ಮನೆ ಹಾವನ್ನು ತರಲು ಸಿದ್ಧವಾಗಿದೆ.