ಆದೇಶ ಪೆಟ್ಟಿಗೆಯಲ್ಲಿದ್ದರೆ ಸಾಲದು

ಅಬ್ಬಾ, ಅಮ್ಮಿ ಬೇರೆಯಾದಾಗ ನಾನು ಎರಡನೇ ತರಗತಿ. ನನ್ನ ಖರ್ಚಿಗೆ ತಿಂಗಳಿಗೆ 2,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಅಬ್ಬಾ ಅವರಿಗೆ ಆದೇಶಿಸಿತ್ತು. ಈಗ ನಾನು ಪ್ರಥಮ ಪಿಯುಸಿ. ಶುಲ್ಕ, ಪುಸ್ತಕ, ಬಸ್ ಖರ್ಚು ಎಲ್ಲವೂ ಏರಿವೆ. ಆದೇಶದ ಮೊತ್ತ ಮಾತ್ರ ಅಷ್ಟೇ ಇದೆ. ಅದೂ ನಿಂತುಹೋಯಿತು. ಅಬ್ಬಾ ತಮ್ಮ ಗೂಡ್ಸ್ ಆಟೋ ಮಾರಿ ಬೇರೆ ಜಿಲ್ಲೆಗೆ ಹೋದರೆಂದು ಸುದ್ದಿ ಬಂತು. "ಕೇಳಿದರೆ ಮತ್ತೆ ಜಗಳ" ಎಂದು ಅಮ್ಮಿ 14 ತಿಂಗಳು ಸುಮ್ಮನಿದ್ದರು.

ಕೊನೆಗೆ ಇಬ್ಬರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಆದಾಯ ಎಷ್ಟೆಂದು ನೋಡುವುದಿಲ್ಲ. ಅಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಮೊತ್ತದ ಬದಲಾವಣೆ. ಖರ್ಚು ಹೆಚ್ಚಾದರೂ ಆದೇಶ ತಾನಾಗಿ ಬದಲಾಗುವುದಿಲ್ಲ, ಅರ್ಜಿ ಹಾಕಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 127ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂನಲ್ಲಿದೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ ನ್ಯಾಯಾಲಯ ಮೊತ್ತವನ್ನು ಹೆಚ್ಚಿಸಬಹುದು, ಇಳಿಸಲೂಬಹುದು. ಎರಡೂ ಕಡೆಯವರು ಆದಾಯ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು, ಬಾಕಿ ವಸೂಲಿ. ಕೊಡಬೇಕಾದವರು ಬೇರೆ ಊರಿನಲ್ಲಿದ್ದರೆ ಅಲ್ಲಿಯೂ ಆದೇಶವನ್ನು ಜಾರಿ ಮಾಡಿಸಬಹುದು. ಸಕಾರಣವಿಲ್ಲದೆ ಕೊಡದಿದ್ದರೆ ನ್ಯಾಯಾಲಯ ವಾರಂಟ್ ಹೊರಡಿಸಬಹುದು. ಆಗಲೂ ಬಾಕಿ ಉಳಿದರೆ ಜೈಲಿಗೂ ಕಳಿಸಬಹುದು. ಜೈಲಿಗೆ ಹೋದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ವಾರಂಟ್ ಸಿಗುತ್ತದೆ. ನಮ್ಮ 14 ತಿಂಗಳಲ್ಲಿ ಮೊದಲ ಎರಡು ತಿಂಗಳಿಗೆ ಆ ದಾರಿ ಮುಚ್ಚಿತ್ತು. ಅಮ್ಮಿಯ ಮೌನಕ್ಕೆ ತೆತ್ತ ಬೆಲೆ ಅದು.

"ನಮ್ಮವರಿಗೆ ಈ ಕಾನೂನು ಅನ್ವಯಿಸುವುದಿಲ್ಲ" ಎಂದು ಕೆಲವರು ಹೇಳಿದ್ದರು. ಅದು ತಪ್ಪು. ಮುಸ್ಲಿಂ ಮಕ್ಕಳಿಗೂ ಈ ಹಕ್ಕಿದೆ ಎಂದು 1997ರಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಇದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿಚಾರಣೆಯ ದಿನ ಅಬ್ಬಾ ಬಂದಿದ್ದರು. ಸೊರಗಿದ್ದರು. ಸಾಲಕ್ಕಾಗಿ ಆಟೋ ಮಾರಿದ್ದು ನಿಜವೇ ಆಗಿತ್ತು. ಆಗಲೇ ಅರ್ಜಿ ಹಾಕಿ ಮೊತ್ತ ಇಳಿಸಲು ಕೇಳುವ ದಾರಿ ಅವರಿಗೂ ಇತ್ತು. ಕೇಳದೆ ನಿಲ್ಲಿಸಿದ್ದರಿಂದ ಅವರ ಮೇಲೆ ಬಾಕಿ ಬೆಳೆಯಿತು, ನಮ್ಮ ಮನೆಯಲ್ಲಿ ಕೋಪ ಬೆಳೆಯಿತು.

ಪ್ರಕರಣ ಇನ್ನೂ ನಡೆಯುತ್ತಿದೆ. ನಿಮ್ಮ ಮನೆಯಲ್ಲೂ ಇಂಥ ಆದೇಶವಿದ್ದರೆ ಇವತ್ತೇ ಹೊರತೆಗೆಯಿರಿ. ಕೊನೆಯ ಬಾರಿ ಹಣ ಬಂದದ್ದು ಯಾವಾಗ ಎಂದು ಬರೆದಿಡಿ. ಗೊಂದಲವಿದ್ದರೆ ಕಾನೂನು ನೆರವಿನ 15100 ಸಂಖ್ಯೆಗೆ ಕರೆ ಮಾಡಿ.