ಫಿನ್ಲೆಂಡಿನ ಒಂದು ತದ್ಭವ

ಫಿನ್ನಿಷ್ ಭಾಷೆಯಲ್ಲಿ ನೂರಕ್ಕೆ 'ಸತ' ಎನ್ನುತ್ತಾರೆ. 'ಶತ'ವನ್ನು ಬಲ್ಲ ಕನ್ನಡಿಗರಿಗೆ ಇದು ಕೇಳಿದ ಮಾತಿನಂತೆಯೇ ತೋರೀತು. ಶಕಾರ ಸಕಾರವಾಗುವುದು ನಮಗೆ ಹೊಸತಲ್ಲ. 'ಶಶಿ'ಯನ್ನು 'ಸಸಿ' ಮಾಡಿಕೊಂಡವರು ನಾವು. ಆದರೆ ಬಾಲ್ಟಿಕ್ ಕಡಲ ತಡಿಯ ಆ ಹಿಮದ ನಾಡಿಗೆ ಈ ಶಬ್ದ ಹೋದದ್ದು ಹೇಗೆ?

ಫಿನ್ನಿಷ್ ಭಾಷೆ ಸಂಸ್ಕೃತದ ಬಳಗದ್ದಲ್ಲ. ಅದು ಉರಾಲಿಕ್ ವಂಶದ್ದು. ಎಸ್ಟೋನಿಯನ್ ಅದರ ಹತ್ತಿರದ ನಂಟ, ಹಂಗೇರಿಯನ್ ದೂರದ ನಂಟ. ಒಂದರಿಂದ ಆರರವರೆಗಿನ ಎಣಿಕೆ ಆ ವಂಶದ ಸ್ವಂತ ಆಸ್ತಿ. ನೂರು ಮಾತ್ರ ಎರವಿನದು.

ಎರವು ಕೊಟ್ಟವರು ಯಾರೆಂಬುದನ್ನು ಆ ಪುಟ್ಟ ಪದವೇ ಹೇಳುತ್ತದೆ. ಲ್ಯಾಟಿನ್ನಿನ 'ಕೆಂಟುಮ್', ಲಿಥುವೇನಿಯನ್ನಿನ 'ಶಿಮ್ತಾಸ್', ಇಂಗ್ಲಿಷಿನ 'ಹಂಡ್ರೆಡ್' ಇವೆಲ್ಲ ಒಂದೇ ಮೂಲದವು. ಎಲ್ಲದರಲ್ಲೂ ಅನುನಾಸಿಕ ಉಳಿದಿದೆ. ಮೊದಲ ಕಕಾರ ಊಷ್ಮಾಕ್ಷರವಾಗಿ, ಅನುನಾಸಿಕ ಕರಗಿ ಅಕಾರವಾದದ್ದು ಇಂಡೋ-ಇರಾನಿಯನ್ ಶಾಖೆಯಲ್ಲಿ. ಫಿನ್ನಿಷ್ ಪದದಲ್ಲಿ ಈ ಎರಡು ಗುರುತುಗಳೂ ಇವೆ. ಹಾಗೆಂದು ಸಂಸ್ಕೃತವೇ ಅಲ್ಲಿಗೆ ಹೋಯಿತೆನ್ನುವುದು ಅತ್ಯುತ್ಸಾಹದ ಮಾತು. ಸುಮಾರು 4000 ವರ್ಷಗಳ ಹಿಂದೆ, ವೋಲ್ಗಾ ನದಿ ಮತ್ತು ಉರಾಲ್ ಪರ್ವತಗಳ ಸೀಮೆಯಲ್ಲಿ, ಸಂಸ್ಕೃತಕ್ಕೂ ಇರಾನಿನ ಭಾಷೆಗಳಿಗೂ ತಾಯಿಯಾದ ನುಡಿಯನ್ನಾಡುವವರು ಉರಾಲಿಕ್ ಜನರ ನೆರೆಯವರಾಗಿದ್ದರು. ಫಿನ್ನಿಷ್ ಭಾಷೆ ಅಚ್ಚಿನ ಪುಸ್ತಕ ಕಂಡದ್ದು 16ನೆಯ ಶತಮಾನದಲ್ಲಿ, ಮಿಕಾಯೆಲ್ ಅಗ್ರಿಕೋಲನಿಂದ. ಅದಕ್ಕೆ ಮೊದಲಿನ ಸಹಸ್ರಾರು ವರ್ಷ ಈ ನೆರೆಹೊರೆಯ ನೆನಪನ್ನು ಕಾದಿಟ್ಟದ್ದು ಬಾಯಿಮಾತು ಮಾತ್ರ.

ನೆರೆಹೊರೆಯೆಂದರೆ ಸ್ನೇಹವೊಂದೇ ಅಲ್ಲ. ಫಿನ್ನಿಷ್ ಭಾಷೆಯ 'ವಸರ', ಅಂದರೆ ಸುತ್ತಿಗೆ, ನಮ್ಮ 'ವಜ್ರ'ದ ಬಂಧು. ಇಂದ್ರನ ಆಯುಧ ಅಲ್ಲಿ ಕಮ್ಮಾರನ ಕೈ ಸೇರಿತು. ಇನ್ನೊಂದು ಪದ 'ಒರ್ಯ'. ಅದು 'ಆರ್ಯ' ಎಂಬುದರ ರೂಪವೇ. ಅರ್ಥ ಮಾತ್ರ ಗುಲಾಮ! ಸೆರೆಸಿಕ್ಕಿದವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರೇ ದಾಸ್ಯದ ಹೆಸರಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಸ್ಲಾವ್ ಜನರ ಹೆಸರಿನಿಂದ ಇಂಗ್ಲಿಷಿನ 'ಸ್ಲೇವ್' ಹುಟ್ಟಿದ್ದೂ ಹೀಗೆಯೇ. ವಂಶದ ಹೆಮ್ಮೆಗೆ ಶಬ್ದಕೋಶ ಇಷ್ಟು ನಿರ್ದಾಕ್ಷಿಣ್ಯವಾಗಿ ಉತ್ತರ ಹೇಳಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನಾವೂ ಇದೇ ಮನೆಯಿಂದ ಎರವು ತಂದವರು. 'ನೂರು' ನಮ್ಮದು; 'ಸಾವಿರ'ವೋ ಹಳಗನ್ನಡದ 'ಸಾಸಿರ'ದ ಮೂಲಕ ಸಂಸ್ಕೃತದ 'ಸಹಸ್ರ'ದಿಂದ ಬಂದದ್ದು. ಅದೇ ಮೂಲದ ಇರಾನಿ ರೂಪವನ್ನು ಹಂಗೇರಿಯನ್ನರು ಕೊಂಡು 'ಎಜೆರ್' ಎಂದರು. ಬುಡಾಪೆಸ್ಟಿನ ಅಂಗಡಿಯಲ್ಲಿ ಸಾವಿರ ಎಣಿಸುವವನೂ ಬೆಂಗಳೂರಿನಲ್ಲಿ ಎಣಿಸುವವನೂ ಒಂದೇ ಪದವನ್ನು ಉಚ್ಚರಿಸುತ್ತಿದ್ದಾರೆ.